ದವಡೆಹಲ್ಲು

ಮುಂಗಾಜಿನ ಬಿರುಕು ಪೆಲ್ಲಿಯಲ್ಲಿ ಒಂದು ಗೇಣಿತ್ತು,
ಸ್ಟೀವರ್ಟ್ ಸೇತುವೆ ದಾಟುವಾಗ ಮೊಳ.
ವರ್ನಾ ಲಾರಿ ನಿಧಾನಿಸಲಿಲ್ಲ.
ಹಿಂದೆ ಮೊಟ್ಟೆ, ಈರುಳ್ಳಿ, ಯಾರದೋ ಹೊಸ ಹಾಸಿಗೆ.

ರಾತ್ರಿ ಹನ್ನೊಂದು.
ಬೆಟ್ಟದ ಹೆಗಲಿಂದ ಇಳಿಯಲೊಲ್ಲದ ಸೂರ್ಯ.

ದಾರಿಯ ಎರಡೂ ಕಡೆ ಜಲ್ಲಿಗುಡ್ಡೆ,
ಮತ್ತೆ ಜಲ್ಲಿಗುಡ್ಡೆ, ಮೈಲುಗಟ್ಟಲೆ,
ಯಾವುದೋ ದೈತ್ಯ ಎರೆಹುಳು
ನೆಲ ಉಂಡು ಬಿಟ್ಟ ಹಿಕ್ಕೆ.
‘ಕ್ಲೋಂಡೈಕ್ ಹೊಳೆಯನ್ನೇ ಜರಡಿ ಹಿಡಿದರು,
ಮೀನು ಒಣಹಾಕುತ್ತಿದ್ದ ನಮ್ಮಜ್ಜಿಯ ಜನರನ್ನು
ಮೂರು ಮೈಲಿ ಕೆಳಕ್ಕೆ ಸಾಗಹಾಕಿ.’

‘ಚಿನ್ನ?’ ಅಂದೆ.
ಬಾಯಿ ತೆರೆದಳು. ಒಳಗೆ, ಬಲಗಡೆ,
ಒಂದು ದವಡೆಹಲ್ಲು ಮಿನುಗಿತು.
‘ವ್ಯಾಂಕೂವರಿನಲ್ಲಿ ಕಟ್ಟಿಸಿದ್ದು.’

ಡಾಸನ್ ಬಂತು.
ನೆಲದಡಿಯ ಹಿಮ ಕರಗಿ ವಾಲಿದ ಎರಡು ಮನೆ
ಒಂದಕ್ಕೊಂದು ಆತು ನಿಂತಿದ್ದವು.
ಅವಳು ಮೊದಲು ಮೊಟ್ಟೆ ಎಣಿಸಿದಳು.