ಹತ್ತು ಅಂಕದ ಪ್ರಶ್ನೆ

ಪ್ರಶ್ನೆ ಏಳು: ಸಂಸ್ಥೆಯೊಂದರಲ್ಲಿ ಬದಲಾವಣೆ ಬಂದ ಬಗೆಯನ್ನು
ನಿಜ ಜೀವನದ ಉದಾಹರಣೆಯೊಡನೆ ವಿವರಿಸಿ.

ಕಲಬುರಗಿಯ ಮೇ ತಿಂಗಳು. ಮೌಲ್ಯಮಾಪನದ ಹಾಲಿನಲ್ಲಿ
ಕೂಲರಿಗೆ ನೀರು ಹಾಕುವ ಹುಡುಗ ಇನ್ನೂ ಬಂದಿಲ್ಲ.
ಬೆಳಗಿನಿಂದ ಮೂವತ್ತು ಉತ್ತರಪತ್ರಿಕೆ,
ಮೂವತ್ತರಲ್ಲೂ ಫಿನ್ಲೆಂಡಿನ ಅದೇ ಫೋನು ಕಂಪನಿ
ಅದೇ ಸಾಲಿನಲ್ಲಿ, ಅದೇ ಕಾಗುಣಿತದ ತಪ್ಪಿನೊಂದಿಗೆ
ಮುಳುಗಿತು.
ಗೈಡಿನ ಅಚ್ಚಿನ ತಪ್ಪಿಗೂ ಅರ್ಧ ಅಂಕ ಕೊಟ್ಟೆ,
ಪಾಪ, ಅದನ್ನೂ ಬಾಯಿಪಾಠ ಮಾಡಿದ್ದಾರಲ್ಲ.

ಮಾದರಿ ಉತ್ತರದ ಪ್ರಕಾರ ಮೂರು ಹಂತ:
ಹೆಪ್ಪು ಕರಗಿಸು. ಬದಲಿಸು. ಮತ್ತೆ ಹೆಪ್ಪುಗಟ್ಟಿಸು.
ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿದೆ.
ಈ ಊರಾಗ ಕರಗಿದ್ದು ಮತ್ತ ಗಟ್ಟಿ ಆಗಬೇಕಂದ್ರ
ದೀಪಾವಳಿ ತನಕ ಕಾಯಬೇಕ್ರಿ ಅಂತ
ಪಕ್ಕದ ಬೆಂಚಿನ ರುಕ್ಮೋದ್ದೀನ್ ಸರ್ ನಕ್ಕರು.

ಮೂವತ್ತೊಂದನೆಯದು ನೀಲಿ ಪೆನ್ನು, ಅರ್ಧಕ್ಕೆ ಕಪ್ಪು.
ಮೊದಲ ವಾಕ್ಯ ಪುಸ್ತಕದ್ದು. ಎರಡನೆಯದರಿಂದ
ಮನೆಯ ಮಾತು:

"ನಮ್ಮವ್ವ ಜಗದೇವಿ ಕಪನೂರಿನ ದಾಲ್ ಮಿಲ್ಲಿನಾಗ
ಹದಿನೇಳು ವರ್ಷ ತೊಗರಿಬ್ಯಾಳಿ ಹಸನ ಮಾಡ್ಯಾಳ.
ಹೋದ ಶ್ರಾವಣದಾಗ ಬಣ್ಣ ನೋಡಿ ಕಾಳು ಆರಿಸೋ ಮಿಷನ್ ಬಂತು.
ಸೇಠರು ಅದಕ್ಕ ಕುಂಕುಮ ಹಚ್ಚಿ, ಕಾಯಿ ಒಡದು,
ಎಲ್ಲಾರ ಕೈಯಾಗ ಒಂದೊಂದು ಪೇಡೆ ಇಟ್ರು.
ಇದು ಸಂವಹನ."

ಸಂವಹನದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಾನೆ.
ಅಥವಾ ಎಳೆದಿದ್ದಾಳೆ. ನೋಂದಣಿ ಸಂಖ್ಯೆಯ ಮೇಲೆ ಚೀಟಿ ಅಂಟಿದೆ.

"ಇಪ್ಪತ್ತೆರಡು ಮಂದಿಯೊಳಗ ಯಾರೂ ಚೀರಲಿಲ್ಲ, ಅಳಲಿಲ್ಲ.
ಮರುದಿನ ಎಂಟಕ್ಕ ಹೋಗಿ
ತಮ್ಮ ತಮ್ಮ ಜಾಗಾದಾಗ ಮೊರ ಹಿಡಕೊಂಡು ಕುಂತ್ರು.
ಮೊರದಾಗ ಕಾಳೇ ಇರಲಿಲ್ಲ.
ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ತಿಂದು ಮತ್ತ ಕುಂತ್ರು.
ಇದು ವಿರೋಧ."

ಕೆಂಪು ಪೆನ್ನಿಗೆ ಟೋಪಿ ಹಾಕಿದೆ.
ಹದಿನಾಲ್ಕು ವರ್ಷದಿಂದ ಈ ಪಾಠ ನನ್ನದೇ.
ನಿಜ ಜೀವನ ಅಂದರೆ ಪುಟ ನೂರಾ ಹನ್ನೆರಡು ಅಂತ
ಹೇಳಿಕೊಟ್ಟವಳೂ ನಾನೇ.

"ಮೂರು ದಿನ ಹಿಂಗ. ನಾಲ್ಕನೇ ದಿನ ಸೋಲಾಪುರದ ಗಿರಾಕಿ
ಫೋನ್ ಮಾಡಿದ, ಬ್ಯಾಳ್ಯಾಗ ಕಲ್ಲು ಅವ ಅಂತ.
ಬ್ಯಾಳಿ ಬಣ್ಣದ್ದೇ ಕಲ್ಲು. ಮಿಷನ್ನಿಗೆ ಅದೂ ಬ್ಯಾಳೀನೇ.
ಅವ್ವನ್ನ, ಇನ್ನ ಮೂರು ಮಂದಿನ್ನ ಉಳಿಸ್ಕೊಂಡ್ರು,
ಮಿಷನ್ ಬಿಟ್ಟಿದ್ದು ಮತ್ತೊಮ್ಮೆ ನೋಡ್ಲಿಕ್ಕ.
ಉಳದ ಹದಿನೆಂಟು ಮಂದಿ ಎಲ್ಲಿ ಹೋದ್ರು
ಅನ್ನೋದು ಪಠ್ಯಕ್ರಮದಾಗ ಇಲ್ಲ.
ಖಾಜಾಬಿ ಚಿಕ್ಕಮ್ಮ ಬಸ್ ಸ್ಟ್ಯಾಂಡಿನಾಗ ಶೇಂಗಾ ಮಾರ್ತಾಳ.
ಅವ್ವ ಆಕಿ ಮುಂದಿಂದ ಹೋಗೂದಿಲ್ಲ, ಸುತ್ತು ಹಾಕಿ ಬರ್ತಾಳ.
ಮೂರನೇ ಹಂತ ಇನ್ನೂ ಬಂದಿಲ್ಲ."

ಅಲ್ಲಿಗೆ ಗಂಟೆ ಬಾರಿಸಿರಬೇಕು.

ಮುಖ್ಯ ಮೌಲ್ಯಮಾಪಕ ಬಿರಾದಾರರು ಕನ್ನಡಕ ಏರಿಸಿ ಓದಿದರು.
"ಸ್ಕೀಮಿನಾಗ ಪ್ರಸಿದ್ಧ ಸಂಸ್ಥೆ ಅಂತ ಅದ ಮೇಡಂ.
ಈ ಮಿಲ್ ಯಾರಿಗೆ ಗೊತ್ತು? ಪುರಾವೆ ಏನು?"
ಅವರ ಬೆನ್ನ ಹಿಂದೆ ಗೋಡೆಯಲ್ಲಿ ಸುತ್ತೋಲೆ:
ಮುಂದಿನ ವರ್ಷದಿಂದ ಉತ್ತರಪತ್ರಿಕೆ ಕಂಪ್ಯೂಟರಿನ ಪರದೆಯ ಮೇಲೆ,
ಹಾಲು ಬೇಡ, ಕಟ್ಟು ಬೇಡ, ಮುಖ್ಯರೂ ಬೇಡ.
ಅದು ಅಂಟಿದ ದಿನದಿಂದ ಬಿರಾದಾರರು
ಎಲ್ಲರಿಗಿಂತ ಮುಂಚೆ ಬಂದು
ತಮ್ಮ ಕುರ್ಚಿ ತಾವೇ ಒರೆಸಿಕೊಂಡು ಕೂರುತ್ತಾರೆ.
ನಾನು ಪುರಾವೆಯ ಬಗ್ಗೆ ಏನೂ ಹೇಳಲಿಲ್ಲ.

"ಎಷ್ಟು ಹಾಕ್ತೀರಿ?"
ಎಂಟು.
"ಏಳೂವರೆ ಹಾಕ್ರಿ." ಹೋದರು.
ಚಹಾ ಮುಗಿಸಿ ತಿರುಗಿ ಬಂದರು.
"ಇರ್ಲಿ, ಎಂಟೇ ಇರ್ಲಿ. ಆ ಶೇಂಗಾ ಮಾರೋ ಹೆಣ್ಮಗಳು
ಯಾವ ಪ್ಲಾಟ್‌ಫಾರ್ಮಿನಾಗ ಕೂಡ್ತಾಳ ಅಂತ ಬರದಾರೇನ್ರಿ?"
ಇಲ್ಲ ಸರ್.

ಕೂಲರಿಗೆ ನೀರು ಬಂತು. ಒದ್ದೆ ಹುಲ್ಲಿನ ವಾಸನೆ.
ಮೂವತ್ತೆರಡನೆಯದರಲ್ಲಿ ಏಳನೇ ಪ್ರಶ್ನೆ ಹುಡುಕಿದೆ.
ಫಿನ್ಲೆಂಡಿನಲ್ಲಿ ಒಂದು ಫೋನು ಕಂಪನಿ ಇತ್ತು.