ಗೀರು

ಅವರ ಹೆಸರಿನ ಒಂದು ಅಕ್ಷರಕ್ಕೆ ಗಾಯವಾಗಿತ್ತು.
ನೆಟ್ಟಗೆ ನಿಂತ ‘ಎಲ್’, ಅದರ ಎದೆಯ ಮೇಲೆ ಓರೆಯಾಗಿ ಒಂದು ಗೀರು.
ಹಾಗೆ ಗೀರಿದರೆ ಅದು ಲ ಅಲ್ಲ, ವ ಎಂದು ನುಡಿಯುತ್ತದಂತೆ:
ಬ್ರೊನಿಸ್ವಾವಾ.
ಜೆಪ್ಪುವಿನ ಅಚ್ಚುಕೂಟದ ಯಾವ ಖಾನೆಯಲ್ಲೂ
ಅಂಥ ಮೊಳೆ ಇರಲಿಲ್ಲ.
ನಾವು ಬೋನಿಬಾಯಿ ಎಂದೆವು. ಓಗೊಟ್ಟರು.

ಅಪ್ಪ, ಮೊಳೆ ಜೋಡಿಸುವ ಎಲಿಯೇಜರ್ ಕರ್ಕಡ,
ಗೀರಿಲ್ಲದೆಯೇ ಹೆಸರು ಕೂರಿಸಿ, ಕರಡು ಸುತ್ತಿ ನನ್ನನ್ನು ಅಟ್ಟಿದ.
ಬೋಳಾರದ ಬಾಡಿಗೆ ಕೋಣೆ. ಕಿಟಕಿಯಾಚೆ ಹಂಚಿನ ಕಾರ್ಖಾನೆಯ ಹೊಗೆ.
ಕನ್ನಡಕ ಹಣೆಗೇರಿಸಿ ಓದಿದರು:
“ಇವಳು ಬೇರೆ ಯಾರೋ ಹೆಂಗಸು.
ದಾರಿಯಲ್ಲಿ ಸಿಕ್ಕರೆ ನನ್ನ ನಮಸ್ಕಾರ ತಿಳಿಸು.”

ಅಪ್ಪ ನಗಲಿಲ್ಲ. ರಾತ್ರಿ ಚಿಮಣಿ ದೀಪದ ಬುಡದಲ್ಲಿ
ಒಂದು ಎಲ್‌ನ ಸೊಂಟಕ್ಕೆ ಅರ ತಿಕ್ಕಿ,
ಬೂತಾಯಿಯ ಮುಳ್ಳಿನಷ್ಟು ಸಣ್ಣ ಹಿತ್ತಾಳೆ ಚೂರು ಸಿಕ್ಕಿಸಿ ಬೆಸೆದ.
ಒಂದೇ ಮೊಳೆ. ಅದು ಮುಖಪುಟದ ಹೆಸರಿಗಾಯಿತು.
ಒಳಗಿನ ನಲವತ್ತು ಪುಟಕ್ಕೆ, ಇನ್ನೂರು ಪ್ರತಿಗೆ,
ಗೀರೆಳೆಯುವ ಕೆಲಸ ನನ್ನದು. ಹನ್ನೊಂದು ವರ್ಷ ನನಗೆ.
ನಿಬ್ಬು, ಮಸಿಕುಡಿಕೆ, ನೂರು ಗೀರಿಗೆ ಒಂದು ಕಾಸು.
ಆ ಭಾಷೆಯಲ್ಲಿ ನನಗೆ ಗೊತ್ತಿದ್ದದ್ದು
ಎಲ್ಲಿ ಗಾಯ ಎಂಬುದಷ್ಟೆ.

ಪುಸ್ತಕವೆಂದರೆ ತುಳು ಮಾತಿಗೆ ಪೋಲಿಷ್ ಅರ್ಥ.
ಯಾರಿಗೆ ಬೇಕು ಇದು, ಎಂದಿದ್ದ ಮ್ಯಾನೇಜರ್.
“ಇಬ್ಬರಿಗೆ.” ಇನ್ನೊಬ್ಬರು ಯಾರೆಂದು ಹೇಳಲಿಲ್ಲ.

ಲ್ವೂಫ್ ಎಂಬ ಊರಲ್ಲಿ ಲ್ಯಾಟಿನ್ ಕಲಿಸುತ್ತಿದ್ದರಂತೆ.
ಫೆಬ್ರವರಿಯ ನಡುರಾತ್ರಿ, ಗಂಟು ಕಟ್ಟಲು ಅರ್ಧ ಗಂಟೆ ಕೊಟ್ಟರಂತೆ.
ದನ ಸಾಗಿಸುವ ರೈಲು, ಹಿಮದ ಬಯಲು, ಇರಾನಿನ ದಂಡೆ,
ಆಮೇಲೆ ಕೊಲ್ಲಾಪುರದ ಬಳಿ ಸಾಲು ಬಿಡಾರ.
ಅಲ್ಲಿ ಅಡುಗೆಗಿದ್ದ ಕಾಂತು ಮೂಲ್ಯ ಹಸಿ ಸೌದೆಗೆ ತುಳುವಿನಲ್ಲಿ ಬೈಯುತ್ತಿದ್ದ;
ಆ ಬೈಗುಳದ ವ್ಯಾಕರಣ ಹಿಡಿದೇ ಇವರು ಈ ಕಡಲ ಕಡೆ ಇಳಿದರು,
ಉಳಿದವರೆಲ್ಲ ಹಡಗು ಹತ್ತಿದ ವರ್ಷ.
“ನೀವೇಕೆ ಊರಿಗೆ ಹೋಗಲಿಲ್ಲ?”
“ಊರು ಅಲ್ಲೇ ಇದೆ ಮಗೂ. ಅದರ ಕೆಳಗಿಂದ
ದೇಶವನ್ನು ಚಾಪೆಯ ಹಾಗೆ ಎಳೆದುಕೊಂಡರು.”

ಒಮ್ಮೆ ನವೆಂಬರ್ ಎರಡಕ್ಕೆ, ಸತ್ತವರ ದಿನ, ನನ್ನನ್ನೂ ಕರೆದೊಯ್ದರು.
(ನಮ್ಮ ಸಭೆಯಲ್ಲಿ ಆ ಪದ್ಧತಿಯಿಲ್ಲ. ಅಪ್ಪ ಗೊಣಗಿದ, ಬಿಟ್ಟ.)
ಇಗರ್ಜಿಯ ಹಿಂದೆ, ಯಾರದೋ ಗೋರಿ,
ಏಳು ಮೇಣದ ಬತ್ತಿ.
ಏಳು ಮಂದಿ ಯಾರು, ಎಲ್ಲಿ ಮಲಗಿದ್ದಾರೆ, ನಾನು ಕೇಳಲಿಲ್ಲ.
ಗೋರಿಯ ಮನೆಯವರು ಮುಂಬಯಿಯಿಂದ ಬಂದವರು, ಹುಬ್ಬುಗಂಟಿಕ್ಕಿದರು:
“ನಮ್ಮ ಅಜ್ಜಿಗೆ ನೀವೇನಾಗಬೇಕು?”
ಬೋನಿಬಾಯಿ ಸ್ವಲ್ಪ ಯೋಚಿಸಿ, ತುಳುವಿನಲ್ಲಿ, “ನೆರೆಕರೆ” ಎಂದರು.
ಅವರಿಗೆ ಅರ್ಥವಾಯಿತೋ ಇಲ್ಲವೋ,
ಸರಿದು ಜಾಗ ಕೊಟ್ಟರು.

ಈಗ ಇವರೂ ಅಲ್ಲೇ, ಎರಡು ಸಾಲು ಆಚೆ.
ಕಲ್ಲು ಕೆತ್ತುವವನಿಗೆ ಅಪ್ಪ ಹೆಸರು ಬರೆದು ಕೊಟ್ಟಿದ್ದ;
ಆತ ಗೀರನ್ನು ಕೈತಪ್ಪೆಂದು ತಿಳಿದು ಬಿಟ್ಟುಬಿಟ್ಟ.
ಆ ಬೇರೆ ಯಾರೋ ಹೆಂಗಸು ಕೊನೆಗೂ ಸಿಕ್ಕಳು.
ನಮಸ್ಕಾರ ತಿಳಿಸಿದೆ.

ನನಗೀಗ ಎಂಬತ್ತಾರು. ಮಳೆಗಾಲ ಕಳೆದು ಹೋದರೆ
ಚೀಲದಲ್ಲಿ ಬತ್ತಿಯ ಜೊತೆ ಒಂದು ಮೊಳೆ.
ಅಚ್ಚಿನದಲ್ಲ, ಗೋಡೆಗೆ ಹೊಡೆಯುವುದು.
ಕಾವಲಿನ ಡೆನ್ಜಿಲ್ ನೋಡಿಯೂ ನೋಡದ ಹಾಗೆ ಬೀಡಿ ಹಚ್ಚುತ್ತಾನೆ.
ಕೂತು, ಹೋದ ವರ್ಷದ ಗೀರಿಗೆ ಬೆಳೆದ ಹಾವಸೆ ಕೆರೆದು,
ಮತ್ತೆ ಎಳೆಯುತ್ತೇನೆ, ಓರೆಯಾಗಿ, ಕೆಳಗಿಂದ ಮೇಲಕ್ಕೆ,
ಕೈಹಿಡಿದು ತೋರಿಸಿದ್ದರಲ್ಲ, ಹಾಗೆ.
ಲೆಕ್ಕವೂ ಇಟ್ಟಿದ್ದೇನೆ.
ಕಾಸು ಸಿಗಬೇಕಾದರೆ
ಇನ್ನೂ ನಲವತ್ತೇಳು ಬಾಕಿ.