ಅಡ್ಡಗಾಳಿ

ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ತಾಗಲಿ,
ಹಸಿರು ಚುಕ್ಕಿ ಕಾಣುತ್ತಿದೆಯಲ್ಲ, ಅದನ್ನೇ ನೋಡಿ,
ಎನ್ನುತ್ತಾಳೆ ಇವೋನ್, ಬೆಳಗಿನಿಂದ ಹನ್ನೊಂದನೆಯ ಸಲ.
ರೋಟರ್‌ಡ್ಯಾಮಿನ ಆಸ್ಪತ್ರೆ, ಮೂರನೇ ಮಹಡಿ, ಪರದೆ ಎಳೆದ ಕೋಣೆ,
ಹೊರಗೆ ನವೆಂಬರು.

ಗದ್ದ ಇಟ್ಟವನು ಲೇಂಡರ್ಟ್.
ಮೂವತ್ತೊಂದು ವರ್ಷ ಮಾಸ್ ನದಿಯ ಬಾಯಲ್ಲಿ
ಪರದೇಶದ ಹಡಗುಗಳಿಗೆ ದಾರಿ ತೋರಿದ ಪೈಲಟ್.
ಹಗ್ಗದ ಏಣಿ ಹತ್ತಿ ಹತ್ತಿ ಅಂಗೈ ಇನ್ನೂ ಒರಟು.
ಯಾಕೆ ಬಂದಿರಿ ಎಂದರೆ
ಹೆಂಡತಿಯ ಒತ್ತಾಯ, ಎನ್ನುತ್ತಾನೆ.
ಹೋದ ಮಂಗಳವಾರ ಕಾಫಿಯ ಹೊತ್ತಿಗೆ
'ಚಮಚ' ಎಂಬ ಮಾತು ಸಿಗಲಿಲ್ಲವಂತೆ.
ಕೈಯಲ್ಲೇ ಇತ್ತಂತೆ ಚಮಚ.
ಎರಡು ನಿಮಿಷ, ಅಷ್ಟೆ. ಆಮೇಲೆ ಸಿಕ್ಕಿತಂತೆ.

ಬೆಳಕು ಹಾರಿತು.
ಕಿತ್ತಳೆ ಬಣ್ಣದ ಒಂದು ನೆಲ ಪರದೆಯ ಮೇಲೆ ತೆರೆದುಕೊಂಡಿತು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತೇವೆ, ಸರಿ;
ತಲೆಬುರುಡೆಯ ಒಳಗಿನದಕ್ಕೆ?
ಮೈ ಕೊಯ್ಯದೆ ನೆತ್ತರಿನ ದಾರಿ ಕಾಣಲು
ಇರುವುದು ಈ ಒಂದು ಗವಾಕ್ಷಿ.
ಮಿದುಳಿನ ನಾಳಗಳಿಗೂ ಇವಕ್ಕೂ ಒಡಹುಟ್ಟು:
ಒಬ್ಬಳ ಮುಖ ನೋಡಿ ಇನ್ನೊಬ್ಬಳ ಕಷ್ಟ ಊಹಿಸಬೇಕು.

ಇವೋನ್ ಊಹಿಸುತ್ತಾಳೆ. ಹೇಳುವಂತಿಲ್ಲ.
ಚಿತ್ರ ತೆಗೆಯುವುದು ಅವಳ ಕೆಲಸ, ಓದುವುದು ಡಾಕ್ಟರದು.
ಆದರೂ ಹದಿನಾಲ್ಕು ವರ್ಷ ಪಳಗಿದ ಕಣ್ಣು ಸುಮ್ಮನಿರುತ್ತದೆಯೇ?
ಅಪಧಮನಿಗಳು ಸಣಕಲಾಗಿ ತಾಮ್ರದ ತಂತಿಯಂತೆ ಹೊಳೆಯುತ್ತಿವೆ;
ಅವು ಅಡ್ಡ ಹಾಯುವಲ್ಲಿ ಕೆಳಗಿನ ಅಭಿಧಮನಿ
ನೊಗ ಒತ್ತಿದ ಹೆಗಲಿನಂತೆ ಕುಗ್ಗಿದೆ.
ಪಕ್ಕದಲ್ಲೊಂದು ಬಿಳಿ ಮಚ್ಚೆ, ಅರಳೆಯ ಚೂರಿನಷ್ಟು.

ಅವಳ ತಾಯಿ, ಕೇಪ್ ವರ್ಡ್ ದ್ವೀಪದಿಂದ ಬಂದು
ಹಡಗುಕಟ್ಟೆಯ ಕಚೇರಿಗಳನ್ನು ಗುಡಿಸಿದವಳು,
ಕೊನೆಯ ಆರು ವರ್ಷ ಡಚ್ ಕಳೆದುಕೊಂಡು, ಕ್ರಿಯೋಲೂ ಕಳೆದುಕೊಂಡು
ಎಲ್ಲದಕ್ಕೂ 'ಗುರುವಾರ' ಎನ್ನುತ್ತಿದ್ದಳು.
ಹಸಿವಿಗೂ ಗುರುವಾರ. ನೋವಿಗೂ. ಮಗಳಿಗೂ.
ಆಕೆಯ ಕಣ್ಣೊಳಗೆ ಯಾರೂ ಇಣುಕಿರಲಿಲ್ಲ.

ತೋರಿಸಿ, ಎಂದ ಲೇಂಡರ್ಟ್.
ನಿಯಮವೇನೋ ಇತ್ತು. ಅವಳು ಪರದೆ ತಿರುಗಿಸಿದಳು.
ಹನಿ ಬಿಟ್ಟ ಕಣ್ಣಿಗೆ ಹತ್ತಿರದ್ದೆಲ್ಲ ಮಸುಕು,
ಆತ ಎರಡು ಹೆಜ್ಜೆ ಹಿಂದೆ ಸರಿದ, ತೋಳು ಚಾಚಿದ.
ಇದು ಬಂದರು, ಎಂದ, ಹಳದಿ ವೃತ್ತ ತೋರಿಸಿ.
ಹೌದು. ನೆತ್ತರು ಒಳಬರುವುದು ಅಲ್ಲಿಂದ.
ಅಲ್ಲಿ ಮಾತ್ರ ಕಣ್ಣಿಗೆ ಏನೂ ಕಾಣುವುದಿಲ್ಲ, ಎಂದಳು.
ಬಂದರುಗಳೇ ಹಾಗೆ.
ಬೆರಳು ಕಾಲುವೆ ಹಿಡಿದು ನಿಧಾನ ಸಾಗಿತು,
ಕವಲು, ಕವಲಿನ ಕವಲು,
ತಾಮ್ರ ಅಡ್ಡ ಹಾಯುವಲ್ಲಿ ನಿಂತಿತು.
ಇಲ್ಲಿ ಆಳ ಸಾಲದು.
ನಾನಾಗಿದ್ದರೆ ಇಲ್ಲಿ ಹಡಗು ಬಿಡುತ್ತಿರಲಿಲ್ಲ.

ಇವೋನ್ ಏನೂ ಹೇಳಲಿಲ್ಲ.
ಯಂತ್ರದ ಫ್ಯಾನು ತಿರುಗುವುದು ಕೇಳಿಸಿತು.

ನನ್ನ ನುಡಿಯಲ್ಲಿ ಇದಕ್ಕೆ ಪಾರ್ಶ್ವವಾಯು ಎಂದು ಹೆಸರು,
ಮಗ್ಗುಲಿನಿಂದ ಬೀಸುವ ಗಾಳಿ.
ಆತನಿಗೆ ಹೇಳಿದ್ದರೆ ಥಟ್ಟನೆ ತಿಳಿಯುತ್ತಿತ್ತು:
ಎದುರುಗಾಳಿಯ ಜೊತೆ ಜಗಳವಾಡಬಹುದು.
ಅಡ್ಡಗಾಳಿ ಹಾಗಲ್ಲ.

ಆತ ಕೋಟು ತೊಟ್ಟ. ಎಡಗೈ ಹೋಯಿತು.
ಬಲಗೈ ತೋಳನ್ನು ಹುಡುಕಿತು, ಮತ್ತೊಮ್ಮೆ ಹುಡುಕಿತು, ಸಿಕ್ಕಿತು.
ಬಾಗಿಲ ಬಳಿ ತಿರುಗಿ,
ಅಂದಹಾಗೆ, ಬೆಳಕು ಹಾರಿದಾಗ ಒಂದು ಮರ ಕಂಡಿತು,
ಎಲೆ ಒಂದೂ ಇಲ್ಲ. ಅದು ನನ್ನದೇನಾ?
ನಿಮ್ಮದೇ.
ಚೆನ್ನಾಗಿತ್ತು.
ಮತ್ತೆ ಯಾವತ್ತು ಬರಬೇಕು?

ಇವೋನ್ ಚೀಟಿ ನೋಡಿದಳು.
ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು.
ಚೀಟಿಯನ್ನೇ ಆತನ ಕೈಗಿತ್ತಳು.